ಸೂಜಿ ಕಂಡರೆ ಬೀಳುವವಳ ಏಳು ಶನಿವಾರ

ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಹುಳ ತಿನ್ನುವುದು ನಿಲ್ಲಿಸಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಬಿಟ್ಟೆದ್ದ ಹುಳಕ್ಕೆ ಎಷ್ಟು ಸೊಪ್ಪು ಸುರಿದರೂ ಸಾಲದು. ನನ್ನ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಗಲ್ಲದಿಂದ ನೆತ್ತಿಗೆ ಒಂದು ಬಟ್ಟೆ ಬಿಗಿದುಕೊಂಡು ಕೆಳಗಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದಾಗ ಅಂಗಳದಲ್ಲಿ ನಮ್ಮ ಯಜಮಾನರ ದನಿ ಕೇಳಿಸಿತು. ನನ್ನ ರಕ್ತ ಪರೀಕ್ಷೆಯ ಚೀಟಿ ತರಲು ಶಿಡ್ಲಘಟ್ಟಕ್ಕೆ ಹೋಗಿದ್ದವರು.

"ಲೋ, ಅಲ್ಲೇ ನಿಂತ್ಕೊಳೋ!" ಬಾಗಿಲಲ್ಲಿ ಕೂತಿದ್ದ ಅತ್ತೆ ಕೂಗಿದರು. "ಆಸ್ಪತ್ರೆ ವಾಸನೆ ಹೊತ್ಕೊಂಡು ಹುಳದ ಮನೆಗೆ ನುಗ್ತೀಯಾ? ಮೈ ತೊಳ್ಕೊಂಡು ಬಾ."

ಸ್ಪಿರಿಟ್ಟು, ಫಿನಾಯಿಲು, ಬೀಡಿ, ಯಾವ ವಾಸನೆಯೂ ಹುಳಕ್ಕೆ ಆಗದು. ದಿಬ್ಬೂರಹಳ್ಳಿ ಸುತ್ತಮುತ್ತ ಹುಳ ಸಾಕುವ ಎಲ್ಲ ಮನೆಯಲ್ಲೂ ಇದೇ ಕಟ್ಟುಪಾಡು. ನಮ್ಮವರಿಗೆ ಸ್ನಾನ ಮಾಡುವಷ್ಟು ತಾಳ್ಮೆ ಇರಲಿಲ್ಲ. ಅಂಗಳದಿಂದಲೇ ಕೂಗಿದರು.

"ನಿಂಗೆ ಶುಗರ್ ಐತಂತೆ ಕಣೇ! ಮುನ್ನೂರು ದಾಟೈತಂತೆ! ಅದಿಳಿಯೋಗಂಟ ಹಲ್ಲು ಕೀಳಲ್ವಂತೆ!"

ನನಗಿಂತ ಮೊದಲು ಬೀದಿಗೆ ಗೊತ್ತಾಯಿತು. ನಾನು ಸೊಪ್ಪು ಹರಡಿ ಕೈ ಕೊಡವಿಕೊಂಡು ಹೊರಗೆ ಬರುವಷ್ಟರಲ್ಲಿ ಹಾಗಲಕಾಯಿ ರಸ ಕುಡಿ, ಮೆಂತ್ಯ ನೆನೆಹಾಕು ಅನ್ನಲು ಮೂವರು ಹೆಂಗಸರು ಬಂದು ನಿಂತಿದ್ದರು.

ಹಲ್ಲಿನ ವಿಷಯ ಶುಗರಿಗೆ ಹೇಗೆ ಬಂತು ಅಂತ ಹೇಳಬೇಕಾದರೆ ನನ್ನ ಮಾನ ನಾನೇ ಕಳೆಯಬೇಕು. ಕಳೆಯುತ್ತೇನೆ. ನನ್ನ ಹಾಗೆ ಬೀಳುವವರು ಇನ್ನೂ ಎಷ್ಟೋ ಜನ ಇದ್ದಾರು, ನಾಚಿಕೆಗೆ ಬಾಯಿ ಬಿಡದೆ.

ನಾನು ಸೂಜಿ ಕಂಡರೆ ಬೀಳುವವಳು. ಬೀಳುವುದು ಅಂದರೆ ಮಾತಿಗಲ್ಲ, ನಿಜವಾಗಿ ನೆಲಕ್ಕೆ. ಮೊದಲು ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಆಮೇಲೆ ಬಾಯೆಲ್ಲ ನೀರು, ಆಮೇಲೆ ಕಣ್ಣಿನ ಅಂಚಿನಿಂದ ಕಪ್ಪು ಕವಿಯುತ್ತದೆ. ಶಾಲೆಯಲ್ಲಿ ಚುಚ್ಚುಮದ್ದಿನ ಸಾಲಿನಲ್ಲಿ ನನ್ನ ಮುಂದಿನವಳಿಗೆ ಚುಚ್ಚುವಾಗಲೇ ಬಿದ್ದಿದ್ದೆ. ಮಗಳು ಶೋಭಾಗೆ ಕಿವಿ ಚುಚ್ಚಿಸಿದ ದಿನ ಮಗು ಒಂದು ಸಲ ಅತ್ತು ಸುಮ್ಮನಾಯಿತು, ನನ್ನನ್ನು ನಾಲ್ಕು ಜನ ಹೊತ್ತುಕೊಂಡು ಹೋಗಿ ಮಲಗಿಸಬೇಕಾಯಿತು. "ಹುಳ ಬೊಗಸೆ ಬೊಗಸೆ ಎತ್ತೋಳಿಗೆ ಸೂಜಿ ಭಯವಾ?" ಅಂತ ಅತ್ತೆ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ. ಹುಳ ಮೆತ್ತಗಿರುತ್ತದೆ, ಚುಚ್ಚುವುದಿಲ್ಲ ಅಂತ ನಾನೂ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ.

ಇನ್ನು ಆ ಮಾತು, "ಇರುವೆ ಕಚ್ಚಿದ ಹಾಗೆ ಅಷ್ಟೇ." ಡಾಕ್ಟರು ಹೇಳುತ್ತಾರೆ, ಲ್ಯಾಬಿನವರು ಹೇಳುತ್ತಾರೆ, ಆಸ್ಪತ್ರೆ ಬೆಂಚಿನಲ್ಲಿ ಪಕ್ಕ ಕೂತ ಹೆಂಗಸು ಕೇಳದೆಯೇ ಹೇಳುತ್ತಾಳೆ. ನನಗೆ ಇರುವೆ ಎಷ್ಟೋ ಸಲ ಕಚ್ಚಿದೆ. ಒಂದು ಸಲವೂ ಬಿದ್ದಿಲ್ಲ. ನೋವು ನನಗೆ ಲೆಕ್ಕಕ್ಕೇ ಇಲ್ಲ, ಹೆತ್ತವಳು ನಾನು. ಒಳಗೆ ಹೋಗುತ್ತದಲ್ಲ ಅದು, ಅದನ್ನು ನೆನೆದರೆ ಸಾಕು. ಇದನ್ನು ಯಾರಿಗೆ ಬಿಡಿಸಿ ಹೇಳುವುದು?

ಹಾಗಾಗಿ ಕೆಳದವಡೆಯ ಆ ಹಲ್ಲು ಹುಳುಕು ಹಿಡಿದು ಟೊಳ್ಳಾದರೂ ಎರಡು ವರ್ಷ ಲವಂಗದೆಣ್ಣೆಯಲ್ಲಿ ದೂಡಿದೆ. ಕೇಳಿದರೆ "ಈ ಬೆಳೆ ಮುಗೀಲಿ" ಅನ್ನುತ್ತಿದ್ದೆ. ಹುಳ ಇರುವಾಗ ಆಸ್ಪತ್ರೆಗೆ ಹೋಗಿ ಬಂದರೆ ಹುಳಕ್ಕೆ ಆಗಲ್ಲವಲ್ಲ. ನಮ್ಮಲ್ಲಿ ವರ್ಷಕ್ಕೆ ಐದು ಬೆಳೆ. ನೆಪಕ್ಕೆ ಬರವಿಲ್ಲ.

ಕೊನೆಗೆ ಕೀವು ತುಂಬಿ ಕೆನ್ನೆ ಊದಿದಾಗ ನಮ್ಮವರು ಎಳೆದುಕೊಂಡು ಹೋದರು. ಶಿಡ್ಲಘಟ್ಟದ ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಸಿರಿಂಜು ಎತ್ತಿದರು, ನಾನು ಕುರ್ಚಿಯಿಂದ ಜಾರಿದೆ. ಮಾತ್ರೆ ಕೊಟ್ಟು ಕಳಿಸಿದರು, ಇಳಿಯಿತು. ಮತ್ತೆ ಊದಿತು. ಎರಡನೇ ಸಲ ಬಸ್ಸಿಗೆ ಹೊತ್ತಾಯಿತು ಅಂತ ನಾನೇ ಕುರ್ಚಿಯಿಂದ ಎದ್ದು ಬಂದೆ; ಬಸ್ಸು ಇನ್ನೂ ಒಂದು ಗಂಟೆಗಿತ್ತು. ಮೂರನೇ ಸಲ ಅವರು ಸಿರಿಂಜು ಮುಟ್ಟಲೇ ಇಲ್ಲ. "ಪದೇ ಪದೇ ಯಾಕೆ ಊದ್ತಿದೆ ನೋಡಣ, ರಕ್ತ ಕೊಟ್ಟು ಹೋಗಿ" ಅಂದರು. ರಕ್ತ ಕೊಟ್ಟು ಅಲ್ಲಿನ ಬೆಂಚಿನ ಮೇಲೆ ಅರ್ಧ ಗಂಟೆ ಮಲಗಿ ಬಂದಿದ್ದೆ. ಆ ಚೀಟಿಯೇ ಅಂಗಳಕ್ಕೆ ಬಂದದ್ದು.

ಮಾರನೆಯ ದಿನ ಹೋದೆವು. ಶುಗರ್ ಇಳಿಸಿಕೊಂಡು ಬನ್ನಿ, ಆಮೇಲೆ ಕೀಳುತ್ತೇನೆ ಅಂದರು ಡಾಕ್ಟರಮ್ಮ. ಶುಗರ್ ಡಾಕ್ಟರ ಹತ್ತಿರ ಹೋದರೆ, ಒಳಗೆ ಕೀವು ಇರುವ ತನಕ ಶುಗರ್ ಸುಲಭಕ್ಕೆ ಇಳಿಯಲ್ಲ, ಹಲ್ಲು ಹೋದರೆ ಒಳ್ಳೆಯದು ಅಂದರು. ನಡುವೆ ಆ ಬಾಗಿಲಿಂದ ಈ ಬಾಗಿಲಿಗೆ ಚೀಟಿ ಹಿಡಿದು ಓಡಾಡಿದವಳು ನಾನು. ಕಾಯುವ ಜಾಗದಲ್ಲಿ ಫ್ಯಾನು ಇತ್ತು, ತಿರುಗುತ್ತಿರಲಿಲ್ಲ. "ಮೌನ ಕಾಪಾಡಿ" ಅನ್ನುವ ಬೋರ್ಡಿನ ಕೆಳಗೆ ಒಬ್ಬರು ತಮ್ಮ ಮೂಲವ್ಯಾಧಿಯ ಕಥೆಯನ್ನು ಇಡೀ ಸಾಲಿಗೆ ಹೇಳುತ್ತಿದ್ದರು.

ಕೊನೆಗೆ ಡಾಕ್ಟರು ಬರೆದದ್ದು ಇನ್ಸುಲಿನ್. ದಿನಕ್ಕೆ ಎರಡು ಸಲ, ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ಮನೆಯಲ್ಲೇ.

"ಮಾತ್ರೆ ಕೊಡಿ ಸಾರ್" ಅಂದೆ.

"ಈಗ ಮಾತ್ರೆಗೆ ಬಗ್ಗಲ್ಲಮ್ಮ ಇದು. ಕೀವು ಹೀಗೇ ಬಿಟ್ರೆ ದವಡೆ ಮೂಳೆಗೆ ಹೋಗುತ್ತೆ. ಕತ್ತಿಗಿಳಿದ್ರೆ ಉಸಿರು ಕಟ್ಟುತ್ತೆ. ಆಮೇಲೆ ನಮ್ಮ ಕೈಲಿ ಏನೂ ಇಲ್ಲ."

ನಮ್ಮವರ ಮುಖ ನೋಡಿದೆ. ಅವರು ನನ್ನನ್ನು ನೋಡದೆ ಕಿಟಕಿ ನೋಡುತ್ತಿದ್ದರು. ಬೈಯುವ ಮನುಷ್ಯ ಬೈಯದೆ ಕೂತಾಗ ಭಯವಾಯಿತು.

ಮನೆಗೆ ಬಂದು ದೇವರ ಮನೆಯಲ್ಲಿ ಕೂತೆ. ಸೂಜಿಯ ಮುಂದೆ ನನ್ನ ಕೈಲಾಗುವುದಿಲ್ಲ, ನೀನೇ ನೋಡಿಕೋ ಅಂತ ವೆಂಕಟರಮಣನಿಗೆ ಒಪ್ಪಿಸಿದೆ. ನಮ್ಮ ಕಡೆ ಏಳು ಶನಿವಾರದ ಹರಕೆ ಅಂದರೆ ದೊಡ್ಡದು. ಏಳು ಶನಿವಾರ ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅಷ್ಟರೊಳಗೆ ಹಲ್ಲು ಹೊರಗೆ ಬರಲಿ ಅಂತ ಹರಕೆ ಹೊತ್ತೆ. ದೇವರೇನೂ ಕೇಳಿರಲಿಲ್ಲ. ನಾನೇ ಕೊಟ್ಟೆ.

ಸೋಮವಾರದಿಂದ ಸೂಜಿ ಶುರುವಾಯಿತು. ಚುಚ್ಚುವವಳು ಶೋಭಾ. ಪಿಯುಸಿ ಮೊದಲ ವರ್ಷದಲ್ಲಿದ್ದಳು, ಆಸ್ಪತ್ರೆಯ ಸಿಸ್ಟರ್ ಹತ್ತಿರ ಒಂದೇ ಸಲಕ್ಕೆ ಕಲಿತು ಬಂದಿದ್ದಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧಿ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಂದು ಡಬ್ಬಿಯಲ್ಲಿಟ್ಟು, ಮಣ್ಣಿನ ಮಡಕೆಯ ನೀರಿನಲ್ಲಿ ಇಡುತ್ತಿದ್ದೆವು. ನಾನು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ ಸೆರಗನ್ನು ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದೆ.

"ಅಮ್ಮಾ, ಹೆಣ ಮಲಗಿದಂಗೆ ಮಲಗ್ಬೇಡಮ್ಮ. ನಂಗೇ ಭಯ ಆಗುತ್ತೆ."

"ಆಯ್ತಾ?"

"ಇನ್ನೂ ಔಷಧಿ ಎಳೆದೇ ಇಲ್ಲ."

ಅಷ್ಟಕ್ಕೇ ಕಿವಿಯಲ್ಲಿ ಗುಂಯ್. ಮಲಗಿಯೇ ಇದ್ದುದರಿಂದ ಬೀಳಲು ಜಾಗವಿರಲಿಲ್ಲ, ಅದೊಂದು ಪುಣ್ಯ. ಹತ್ತು ನಿಮಿಷ ಕಾಲನ್ನು ರಾಗಿ ಮೂಟೆಯ ಮೇಲಿಟ್ಟುಕೊಂಡಿದ್ದರೆ ಸರಿಹೋಗುತ್ತಿತ್ತು. ಎರಡು ದಿನಕ್ಕೆ ಮನೆಗೆಲ್ಲ ರೂಢಿಯಾಯಿತು. ನಾನು ಬಿದ್ದುಕೊಂಡಿದ್ದರೆ ಅತ್ತೆ ನನ್ನನ್ನು ಸುತ್ತಿಕೊಂಡು ಕಸ ಗುಡಿಸುತ್ತಿದ್ದರು.

ಶನಿವಾರ ಬಂತು. ಅಷ್ಟು ಹೊತ್ತಿಗೆ ಬೆಳೆ ಮುಗಿದಿತ್ತು. ಗೂಡು ಬಿಡಿಸಿ, ನಮ್ಮವರು ಬೆಳಗ್ಗೆಯೇ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದರು. ಶೋಭಾ ಏಳು ಗಂಟೆಗೆ ಸೂಜಿ ಹಾಕಿ, "ಅರ್ಧ ಗಂಟೇಲಿ ತಿನ್ನಮ್ಮ" ಅಂದು ಬಸ್ಸಿಗೆ ಓಡಿದಳು. ನಾನು "ಹೂಂ" ಅಂದೆ. ವ್ರತದ ದಿನವೇ ಮಗಳಿಗೆ ಸುಳ್ಳು. ಡಾಕ್ಟರಿಗೂ ಉಪವಾಸದ ಮಾತು ಹೇಳಿರಲಿಲ್ಲ. ನನ್ನ ಲೆಕ್ಕ ಕೇಳಿ: ತಿಂದರೆ ತಾನೇ ಸಕ್ಕರೆ ಏರುವುದು? ತಿನ್ನದಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಹರಕೆಯೂ ತೀರಿತು, ಔಷಧಿಗೂ ಸಹಾಯವಾಯಿತು. ಬುದ್ಧಿವಂತೆ ನಾನು.

ಒಂಬತ್ತು ಗಂಟೆಯ ಹೊತ್ತಿಗೆ ಕೈ ನಡುಗಲು ಶುರುವಾಯಿತು. ರವಿಕೆ ಬೆವರಿಗೆ ಒದ್ದೆಯಾಯಿತು. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡೆ.

"ಅತ್ತೆ, ಹುಳಕ್ಕೆ ಸೊಪ್ಪು ಹಾಕ್ಬೇಕು" ಅಂದೆನಂತೆ.

"ಯಾವ ಹುಳಾನೇ? ಗೂಡು ಮಾರ್ಕೆಟ್ಗೆ ಹೋಗಾಯ್ತಲ್ಲ!"

ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದೆ. ಅತ್ತೆ ಬಂದು ನೋಡಿದರು. ಪಕ್ಕದ ಮನೆಯವಳೂ ಬಂದಳು.

"ಏಮ್ಮಾ, ಮತ್ತೆ ಬಿದ್ಲಾ?" ಅಂತ ಅವಳು.

"ಬೆಳಗ್ಗೆ ಹಾಕ್ಸ್ಕೊಂಡ ಸೂಜಿ ಈಗ ನೆನಪಾಗಿರ್ಬೇಕು. ಬಿಡು, ಹತ್ತು ನಿಮಿಷಕ್ಕೆ ತಾನೇ ಏಳ್ತಾಳೆ" ಅಂತ ಅತ್ತೆ. ಕಾಲು ಎತ್ತಿ ಮೂಟೆಯ ಮೇಲಿಟ್ಟರು, ಮುಖಕ್ಕೆ ನೀರು ಚಿಮುಕಿಸಿದರು, ಪೂಜೆಯ ಪಾತ್ರೆ ತೊಳೆಯಲು ಹೋದರು.

ಅದು ಅವರ ತಪ್ಪಲ್ಲ. ಇಪ್ಪತ್ತು ವರ್ಷ ಬಿದ್ದು ಬಿದ್ದು ಹಾಗೆ ಕಲಿಸಿದವಳು ನಾನೇ. ಆದರೆ ಆ ನೆಲದ ಮೇಲೆ ಮಲಗಿ ಪಾತ್ರೆಯ ಸದ್ದು ಕೇಳುತ್ತ ನನಗೆ ಗೊತ್ತಾಗುತ್ತಿತ್ತು, ಇದು ಅದಲ್ಲ ಅಂತ. ಭಯದ ಬವಳಿ ಮಲಗಿದರೆ ಬಿಡುತ್ತದೆ. ಇದು ಕೆಳಗೆ ಕೆಳಗೆ ಎಳೆಯುತ್ತಿತ್ತು. ಹೇಳಬೇಕು ಅಂದರೆ ನಾಲಿಗೆ ಮರದ ತುಂಡಿನ ಹಾಗೆ ಬಿದ್ದುಕೊಂಡಿತ್ತು.

ಎಷ್ಟು ಹೊತ್ತೋ, ಅತ್ತೆ ವಾಪಸು ಬಂದರು. ನನ್ನ ಕೆನ್ನೆ ಮುಟ್ಟಿದರು. "ಅಯ್ಯೋ ದೇವುಡಾ, ನೀರಲ್ಲಿ ಅದ್ದಿ ತೆಗೆದಂಗೈತೆ ಮೈ! ಯಾವತ್ತೂ ಇಷ್ಟು ಹೊತ್ತು ಬಿದ್ದಿರೋಳಲ್ಲ ಇವಳು."

ಪೂಜೆಗೆ ಅಂತ ಬೆಲ್ಲದ ಪಾನಕ ಮಾಡಿಟ್ಟಿದ್ದರು. ನಮ್ಮತ್ತೆ ನೈವೇದ್ಯಕ್ಕೆ ಇಟ್ಟದ್ದರ ಮೇಲೆ ನೊಣ ಕೂತರೂ ಬೇರೆ ಮಾಡುವವರು. ಅಂಥವರು ದೇವರಿಗೆ ತೋರಿಸದ ಪಾನಕದ ಚೊಂಬು ಎತ್ತಿಕೊಂಡು ಬಂದು, ನನ್ನನ್ನು ಎದೆಗೆ ಒರಗಿಸಿ ಕೂರಿಸಿ, ಒಳಲೆಯಲ್ಲಿ ಮಗುವಿಗೆ ಹಾಲು ಹಾಕುವ ಹಾಗೆ ಗುಟುಕು ಗುಟುಕಾಗಿ ಹಾಕಿದರು. ನಾನು ನುಂಗಿದೆ. ನುಂಗುವಷ್ಟು ಜೀವ ಉಳಿದಿತ್ತು, ಅದು ವೆಂಕಟರಮಣನ ದಯೆ. ಆದರೆ ಅವನು ಬೆಲ್ಲದ ಕೈಯಲ್ಲೇ ಕಳಿಸಿದ ಅನ್ನುವುದನ್ನೂ ನಾನು ಮರೆಯುವುದಿಲ್ಲ. ಚೊಂಬು ಅರ್ಧವಾಗುವಷ್ಟರಲ್ಲಿ ಅತ್ತೆಯ ಮುಖ ಕಾಣಿಸಿತು. ಅವರು ಅಳುತ್ತಿದ್ದರು, ಬೈಯುತ್ತಲೂ ಇದ್ದರು.

ಆಟೋ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಬೈದು, ಔಷಧಿಯ ಅಳತೆ ತಿದ್ದಿ ಹೋದ ಮೇಲೆ ಸಿಸ್ಟರ್ ಹಿಡಿದುಕೊಂಡರು. ಐವತ್ತರ ಹತ್ತಿರದ ಹೆಂಗಸು, ಚಿಂತಾಮಣಿ ಕಡೆಯವರು.

"ಖಾಲಿ ಹೊಟ್ಟೇಲಿ ಇನ್ಸುಲಿನ್ ತಗೊಂಡು ಕೂತಿದ್ರಾ? ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸಿಸ್ಟರ್. ಶನಿವಾರ."

"ಶನಿವಾರ ಅಂತ ಇನ್ಸುಲಿನ್‌ಗೆ ಗೊತ್ತಾಗುತ್ತಾ?"

ಅವರು ಅತ್ತೆಯ ಕಡೆ ತಿರುಗಿ, "ಇವರು ಬಿದ್ದಾಗ ನೀವು ಯಾಕೆ ತಕ್ಷಣ ಸಕ್ಕರೆ ಕೊಡ್ಲಿಲ್ಲ?" ಅಂದರು.

"ಇವಳು ಸೂಜಿ ಭಯಕ್ಕೆ ದಿನಾ ಬೀಳ್ತಾಳಲ್ಲ ತಾಯಿ, ನಾನು ಸುತ್ಕೊಂಡು ಕಸ ಗುಡಿಸ್ತೀನಿ. ಇದು ಯಾವ ಬೀಳೋದು ಅಂತ ನಂಗೆಂಗೆ ಗೊತ್ತಾಗ್ಬೇಕು?"

ಸಿಸ್ಟರ್ ನನ್ನನ್ನು ನೋಡಿದರು. ಬೈಗುಳಕ್ಕಿಂತ ಆ ನೋಟ ನಾಟಿತು. "ಕೇಳಿಸ್ತಾ? ಮೊದ್ಲು ಭಯಕ್ಕೆ ಬೀಳೋದು ನಿಲ್ಸಿ. ಇಲ್ಲಾಂದ್ರೆ ಒಂದಿನ ನಿಜವಾಗಿ ಬಿದ್ದಾಗ ಎಲ್ರೂ ಕಸ ಗುಡಿಸ್ತಾ ಇರ್ತಾರೆ."

"ನಿಲ್ಸೋದು ನನ್ನ ಕೈಲಿದ್ರೆ ಶಾಲೇಲೇ ನಿಲ್ಸಿರ್ತಿದ್ದೆ" ಅಂದೆ. ನನಗೂ ರೇಗಿತ್ತು.

ಅವರು ಇರುವೆಯ ಮಾತು ಆಡಲಿಲ್ಲ. ಅದಕ್ಕೆ ಅವರಿಗೆ ಈಗಲೂ ಕೈ ಮುಗಿಯುತ್ತೇನೆ. ಸ್ಟೂಲು ಎಳೆದುಕೊಂಡು ಕೂತು, "ತುಂಬಿದ ಬಿಂದಿಗೆ ಸೊಂಟಕ್ಕೆ ಎತ್ತುವಾಗ ತೊಡೆ, ಮೀನಖಂಡ ಬಿಗಿ ಹಿಡಿತೀರಲ್ಲ, ಹಾಗೆ ಹಿಡೀರಿ ನೋಡಣ. ಮುಷ್ಟಿನೂ ಕಟ್ಟಿ. ಮುಖ ಬಿಸಿಯಾಗೋ ತನಕ. ಈಗ ಬಿಡಿ. ಮತ್ತೆ ಹಿಡೀರಿ. ಕಿವೀಲಿ ಗುಂಯ್ ಅನ್ನೋಕೆ ಶುರುವಾದ ತಕ್ಷಣ ಹೀಗೆ ಮಾಡಿ. ರಕ್ತ ತಲೆ ಬಿಟ್ಟು ಇಳಿಯಲ್ಲ" ಅಂದರು. ಅಷ್ಟೇ. ಮೂವತ್ತೆಂಟು ವರ್ಷದಲ್ಲಿ ಯಾರೂ ಹೇಳದ ಮಾತು.

ವಾಪಸು ಬರುವಾಗ ಆಟೋದಲ್ಲಿ ನನಗೆ ಹರಕೆಯದೇ ಚಿಂತೆ. ಏಳು ಶನಿವಾರದ ಮಾತು ಅತ್ತೆಗೆ ಬಿಡಿಸಿ ಹೇಳಿ, ಆಡಿದ ಮಾತು ಮುರಿದೆನಲ್ಲ, ಹಲ್ಲು ಹೋಗುವುದರೊಳಗೆ ಏನು ಕಾದಿದೆಯೋ ಅಂದೆ. ಅತ್ತೆ ನನ್ನ ಕಡೆ ತಿರುಗಿ ಕೂತರು.

"ಇವತ್ತಿಂದು ಲೆಕ್ಕಕ್ಕಿಲ್ಲ. ಮುಂದಿನ ವಾರದಿಂದ ಏಳು ಶನಿವಾರ ನಾನು ಇರ್ತೀನಿ. ಒಂದೇ ಮನೆ, ಒಂದೇ ದೀಪ, ಸ್ವಾಮಿ ಬೇಡ ಅನ್ನಲ್ಲ. ನಂಗೇನು ಶುಗರ್ರಾ? ಆದ್ರೆ ಒಂದು ಕೇಳು. ಉಪವಾಸ ನಾನು ಮಾಡಬಹುದು ಕಣಮ್ಮ, ಸೂಜಿ ನಿನ್ನ ಬದಲು ನಾನು ಹಾಕಿಸ್ಕೊಳ್ಳೋಕಾಗಲ್ಲ. ಅದನ್ನ ನೀನೇ ನೋಡ್ಕೋ. ಆ ಮಗು ಕಾಲೇಜು ಬಿಟ್ಟು ನಿಂಗೆ ಚುಚ್ಚುತ್ತಾ ಕೂರುತ್ತಾ?"

ಅರವತ್ತೆಂಟು ವರ್ಷದವರು, ಏಳು ಶನಿವಾರವೂ ಬಿಡಲಿಲ್ಲ. ಅದನ್ನು ಊರಿಗೆಲ್ಲ ಹೇಳಿಕೊಂಡರು, ಅದು ಬೇರೆ ಮಾತು.

ನಾನು ಟೊಮೇಟೊ ಹಣ್ಣಿಗೆ ಚುಚ್ಚಿ ಕಲಿಯಲು ಕೂತೆ. ಔಷಧಿ ಬದಲು ನೀರು. ಟೊಮೇಟೊಗೆ ಚುಚ್ಚುವಾಗಲೂ ಬಾಯಿಗೆ ನೀರು ಬಂತು. ಮೀನಖಂಡ ಬಿಗಿ ಹಿಡಿದೆ, ಬಿಟ್ಟೆ, ಹಿಡಿದೆ. ಕಪ್ಪು ಅಂಚಿಗೆ ಬಂದು ನಿಂತಿತು, ಒಳಗೆ ಬರಲಿಲ್ಲ.

"ಅಮ್ಮಾ, ಆ ಹಣ್ಣು ಸಾರಿಗೆ ಹಾಕ್ಬೇಡ ಕಣಮ್ಮ" ಅಂದಳು ಶೋಭಾ. "ಆ ನೀರಿಗೆ ಅಪ್ಪ ಉಬ್ಬೋಗ್ತಾರೆ."

ನನ್ನ ಹೊಟ್ಟೆಗೆ ನಾನೇ ಚುಚ್ಚಲು ಹೋದ ಮೊದಲ ಎರಡು ಸಲ ಬಿದ್ದೆ. ಸುಳ್ಳು ಯಾಕೆ ಹೇಳಲಿ. ಎರಡು ಸಲವೂ ಅತ್ತೆ ಕೆಲಸ ಬಿಟ್ಟು ಓಡಿ ಬಂದರು, ಬೆವರು ಮುಟ್ಟಿ ನೋಡಿದರು, "ಏನಾಯ್ತು ಹೇಳು, ಯಾವುದಿದು?" ಅಂತ ಕೆನ್ನೆ ತಟ್ಟಿ ಕೇಳಿದರು. ಕಣ್ಣಲ್ಲಿ ಅದೇ ಶನಿವಾರದ ದಿಗಿಲು. ಆ ಮುಖ ನೋಡಿದ ಮೇಲೆ ಬೀಳುವುದಕ್ಕೆ ನನಗೇ ನಾಚಿಕೆಯಾಯಿತು. ಮೂರನೇ ಸಲ ಗೋಡೆಗೆ ಒರಗಿ ಕೂತು, ಕಾಲು ಬಿಗಿ ಹಿಡಿದು, ಗೋವಿಂದ ಅಂತ ಚುಚ್ಚಿದೆ. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಎಷ್ಟು ಸಣ್ಣ ಸೂಜಿ ಅದು! ಮುಖ ಮುಚ್ಚಿಕೊಂಡಿದ್ದಾಗ ಗೋಣಿ ಹೊಲಿಯುವ ದಬ್ಬಳದಷ್ಟು ಮಾಡಿಟ್ಟುಕೊಂಡಿದ್ದೆ.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಈಗಲೂ ನಾನು ಧೈರ್ಯವಂತೆಯಾಗಿಲ್ಲ. ಬೇರೆಯವರು ನನಗೆ ಚುಚ್ಚಿದರೆ ಮಲಗಿಯೇ ಹಾಕಿಸಿಕೊಳ್ಳುತ್ತೇನೆ. "ನಾನು ಬೀಳುವವಳು" ಅಂತ ಬಾಗಿಲಲ್ಲೇ ಹೇಳಿಬಿಡುತ್ತೇನೆ, ನಗುವವರು ನಗಲಿ. ನೀವೂ ಹೇಳಿ, ಉಪವಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಾನು ಹೇಳದೆ ಹೋದದ್ದಕ್ಕೆ ಒಂದು ಜೀವ ಹೊಸ್ತಿಲ ತನಕ ಹೋಗಿ ಬಂತು.

ಆಗ, ಆ ಶನಿವಾರ ಕಳೆದ ಮೇಲೆ, ಶುಗರ್ ಇಳಿಯಲು ಇನ್ನೂ ಮೂರು ವಾರ ಬೇಕಾಯಿತು. ಡಾಕ್ಟರಮ್ಮ ಮಂಗಳವಾರ ಬರಲು ಹೇಳಿದರು, ಮಂಗಳವಾರ ಬೇಡ ಅಂತ ಅತ್ತೆ ಹಟ ಹಿಡಿದರು, ಬುಧವಾರ ಹೋದೆವು. ಅವರು ತಿಂಡಿ ತಿಂದಿದ್ದೀರಾ ಅಂತ ಕೇಳುವ ಮೊದಲೇ ನಮ್ಮವರು "ಮೂರು ಇಡ್ಲಿ ತಿಂದವ್ಳೆ ಮೇಡಮ್, ನಾನೇ ಮುಂದೆ ಕೂತು ತಿನ್ನಿಸಿದ್ದೀನಿ" ಅಂತ ವರದಿ ಒಪ್ಪಿಸಿದರು. ನಾನು ಬೀಳುವವಳು, ಕುರ್ಚಿ ಚಪ್ಪಟೆ ಮಾಡಿ ಅಂದೆ. ಮಾಡಿದರು. ಕೇಳಿದರೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಮೊದಲೇ ಕೇಳುತ್ತಿದ್ದೆ! ಹೊಟ್ಟೆಯ ಸೂಜಿಯ ಹತ್ತರಷ್ಟು ಉದ್ದದ್ದು ಬಾಯೊಳಗೆ ಬಂತು. ಕಾಲು ಬಿಗಿ ಹಿಡಿದೆ. ಗುಂಯ್ ಅಂದಿತು, ನಿಂತಿತು. ಆಮೇಲೆ ಬಂಡೆ ಸೀಳುವ ಹಾಗೆ ದವಡೆಯಲ್ಲಿ ಕಟಕಟ ಸದ್ದು. ನೋವಿರಲಿಲ್ಲ, ಸದ್ದೇ ಸಾಕಾಗಿತ್ತು.

"ಬಂತು" ಅಂದರು ಡಾಕ್ಟರಮ್ಮ. "ನೋಡ್ತೀರಾ?"

ಬೇಡ ಅಂತ ಕೈ ಆಡಿಸಿದೆ. ನಮ್ಮವರು ನೋಡಿದರು. ನೋಡಿ, ಗೋಡೆ ಹಿಡಿದುಕೊಂಡು, ಮೆಲ್ಲಗೆ ನೆಲಕ್ಕೆ ಕೂತರು. ಇಪ್ಪತ್ತು ವರ್ಷ ನನ್ನನ್ನು ಆಡಿಕೊಂಡ ಮನುಷ್ಯ. ಬಾಯಿ ತುಂಬ ಹತ್ತಿ ಇದ್ದದ್ದರಿಂದ ಏನೂ ಅನ್ನಲಾಗಲಿಲ್ಲ. ಅವರ ಪುಣ್ಯ.

ಮನೆಗೆ ಬರುವಾಗ ಸಂಜೆಯಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಬಿದ್ಲಾ?" ಅಂತ ಮಗನನ್ನು ಕೇಳಿದರು.

"ಅವಳು ಬೀಳ್ಲಿಲ್ಲ" ಅಂದರು ಇವರು, ಮುಖ ಆ ಕಡೆ ಮಾಡಿ.

ಅತ್ತೆ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ ದೇವರ ಮನೆಗೆ ಹೋದರು. ಘಂಟೆಯ ಸದ್ದು ಕೇಳಿಸಿತು. ನಾನು ಕೈಕಾಲು ತೊಳೆದು, ಮಡಕೆಯಿಂದ ಬಾಟಲಿ ತೆಗೆದು ಅಂಗೈಗಳ ನಡುವೆ ಉರುಳಿಸಿ, ಗೋಡೆಗೆ ಒರಗಿ ಕೂತು ಸಂಜೆಯ ಸೂಜಿ ಹಾಕಿಕೊಂಡೆ. ಇನ್ನು ಅರ್ಧ ಗಂಟೆಯೊಳಗೆ ತಿನ್ನಬೇಕು, ಮುದ್ದೆ ನುಂಗುವ ಹಾಗಿಲ್ಲ, ಬಿಸಿಯೂ ಕೂಡದು. ರಾಗಿಹಿಟ್ಟು ತಣ್ಣೀರಿನಲ್ಲಿ ಕದಡಿ, ಒಲೆ ಹಚ್ಚಿ, ಆರಿಸಿ ಕುಡಿಯಲು ಗಂಜಿಗೆ ಇಟ್ಟೆ. ಗಂಟಾಗದ ಹಾಗೆ ತಿರುಗಿಸುತ್ತ ನಿಂತೆ.